ಗಂಡಸುತನದ ಮಾತು ಮತ್ತು ತರುಣರ ಮೌನ: ಆಳಂದ, ಅಫಜಲಪುರ, ಜೇವರ್ಗಿ ಸೀಮೆಯ ಆಧಾರಗಳ ಒಂದು ವಿಮರ್ಶೆ

ಕಲಬುರಗಿ ಜಿಲ್ಲೆಯ ಆಳಂದ, ಅಫಜಲಪುರ ಮತ್ತು ಜೇವರ್ಗಿ ತಾಲ್ಲೂಕುಗಳ ಸಾಮಾಜಿಕ ಚರಿತ್ರೆಯನ್ನು ಬರೆಯಹೊರಟವನಿಗೆ ಆಧಾರಗಳ ಕೊರತೆಯೇನೂ ಇಲ್ಲ. ಕಲ್ಯಾಣದ ಚಾಲುಕ್ಯರ ಕಾಲದ ಶಾಸನಗಳುಂಟು, ವೀರಗಲ್ಲುಗಳುಂಟು, ಮಠಗಳೂ ದರ್ಗಾಗಳೂ ಉಂಟು, ಕಡಕೋಳ ಮಡಿವಾಳಪ್ಪನವರ ಪರಂಪರೆಯ ತತ್ತ್ವಪದಗಳೂ, ಮೊಹರಮ್ಮಿನ ರಿವಾಯತುಗಳೂ, ಗೀಗೀ ಮೇಳಗಳ ಹಾಡುಗಳೂ ಇನ್ನೂ ಜನರ ಬಾಯಲ್ಲಿವೆ. ಇಷ್ಟು ಸಾಮಗ್ರಿಯಿದ್ದೂ ಒಂದು ಪ್ರಶ್ನೆಗೆ ಮಾತ್ರ ನಮಗೆ ತೃಪ್ತಿಕರವಾದ ಉತ್ತರ ದೊರೆತಿಲ್ಲ. ಈ ಸೀಮೆಯ ಇಪ್ಪತ್ತು ವರ್ಷದ ತರುಣನು ತನ್ನ ದೇಹವನ್ನೂ ತನ್ನ ಆಸೆಯನ್ನೂ ಕುರಿತು ಯಾರೊಡನೆ, ಯಾವ ಮಾತಿನಲ್ಲಿ, ಏನನ್ನು ಹೇಳಿಕೊಂಡನು ಎಂಬುದೇ ಆ ಪ್ರಶ್ನೆ. ಈ ವಿಷಯವನ್ನು ಮುಟ್ಟಿದ ವಿದ್ವಾಂಸರು ಎರಡು ಬಗೆಯ ತಪ್ಪುಗಳಲ್ಲಿ ಒಂದನ್ನು ಮಾಡಿರುವರೆಂದು ನಮಗೆ ತೋರುತ್ತದೆ. ತರುಣರ ಮೌನವನ್ನು ಮುಗ್ಧತೆಯೆಂದು ತಿಳಿದವರು ಒಂದು ಪಕ್ಷ; ಅವರ ಬಡಾಯಿಯನ್ನು ನಡತೆಯೆಂದು ತಿಳಿದವರು ಇನ್ನೊಂದು ಪಕ್ಷ. ಈ ಎರಡನ್ನೂ ಪರೀಕ್ಷಿಸುವುದು ಪ್ರಕೃತ ಲೇಖನದ ಉದ್ದೇಶ.

ಮೊದಲು ಒಂದು ಶಬ್ದದಿಂದ ಆರಂಭಿಸೋಣ. ಕನ್ನಡದ 'ಗಂಡ' ಎಂಬ ಮಾತಿಗೆ ಪತಿಯೆಂಬ ಅರ್ಥವೂ ಶೂರನೆಂಬ ಅರ್ಥವೂ ಉಂಟೆಂಬುದನ್ನು ವಾಚಕರು ಬಲ್ಲರು. ಶಾಸನಗಳ ಬಿರುದಾವಳಿಯಲ್ಲಿ ಈ ಎರಡು ಅರ್ಥಗಳೂ ಒಂದರೊಳಗೊಂದು ಹೆಣೆದುಕೊಂಡಿವೆ. 'ಗಂಡರ ಗಂಡ', 'ಮೂರು ರಾಯರ ಗಂಡ', 'ಭಾಷೆಗೆ ತಪ್ಪುವ ರಾಯರ ಗಂಡ' ಎಂಬ ಬಿರುದುಗಳನ್ನು ನಾವು ವಿದ್ಯಾರ್ಥಿಗಳಿಗೆ ಬಾಯಿಪಾಠ ಮಾಡಿಸುತ್ತೇವೆ; ಆದರೆ ಅವುಗಳಲ್ಲಿ ಸೋತ ಅರಸನು ಗೆದ್ದವನ ಹೆಂಡತಿಯ ಸ್ಥಾನಕ್ಕೆ ಇಳಿದನೆಂಬ ಧ್ವನಿಯಿರುವುದನ್ನು ಎತ್ತಿ ಹೇಳುವುದಿಲ್ಲ. ಇಲ್ಲಿ ಗಂಡಸುತನವು ಹೆಣ್ಣಿನ ಎದುರಿಗೆ ತೋರಿಸಿದ ಗುಣವಲ್ಲ. ಬೇರೊಬ್ಬ ಗಂಡಸಿನ ಎದುರಿಗೆ, ಗಂಡಸರ ಸಭೆಯಲ್ಲಿ ಘೋಷಿಸಿದ ಗುಣ. ಬಿರುದನ್ನು ಹೊಗಳುಭಟರು ಕೂಗುತ್ತಿದ್ದುದು ಅಂತಃಪುರದಲ್ಲಲ್ಲ, ಆಸ್ಥಾನದಲ್ಲಿ. ಈ ಸಾಮಾನ್ಯ ಸಂಗತಿಯನ್ನು ನೆನಪಿನಲ್ಲಿಟ್ಟರೆ ಮುಂದಿನ ಮಾತು ಸುಲಭವಾಗುತ್ತದೆ.

ವೀರಗಲ್ಲುಗಳ ಸಾಕ್ಷ್ಯವೂ ಇದಕ್ಕೆ ಹೊಂದುತ್ತದೆ. ತುರುಗೋಳಿನಲ್ಲಿಯೋ ಪೆಣ್ಬುಯ್ಯಲಿನಲ್ಲಿಯೋ ಕಾದಿ ಸತ್ತವನ ಕಲ್ಲಿನಲ್ಲಿ ಕೆಳಗಿನ ಪಟ್ಟಿಕೆಯಲ್ಲಿ ಕಾಳಗ, ನಡುವಿನದರಲ್ಲಿ ವೀರನನ್ನು ಒಯ್ಯುವ ಅಪ್ಸರೆಯರು, ಮೇಲಿನದರಲ್ಲಿ ಶಿವಸನ್ನಿಧಿ ಇರುವುದು ವಾಡಿಕೆ. ಊರಿನ ದನವನ್ನೂ ಊರಿನ ಹೆಂಗಸರ ಮಾನವನ್ನೂ ಕಾಯ್ದ ತರುಣನಿಗೆ ಹೆಣ್ಣಿನ ಸಂಗವು ಬಹುಮಾನವಾಗಿ ದೊರೆಯುತ್ತದೆ, ಆದರೆ ಸತ್ತ ಮೇಲೆ. ಬದುಕಿರುವಾಗ ಅವನ ಆಸೆಗೆ ಕಲ್ಲಿನಲ್ಲಿ ಎಡೆಯಿಲ್ಲ. ಇದು ಶಿಲ್ಪಿಯ ಕೊರತೆಯಲ್ಲ. ಯಾವುದನ್ನು ಊರ ಮುಂದೆ ನಿಲ್ಲಿಸಬಹುದು, ಯಾವುದನ್ನು ನಿಲ್ಲಿಸಬಾರದು ಎಂಬ ಊರಿನ ತೀರ್ಮಾನ ಅದರಲ್ಲಿದೆ.

ಈಗ ಜಾನಪದ ಸಂಗ್ರಹಗಳ ಕಡೆಗೆ ಬರೋಣ. ಅಫಜಲಪುರಕ್ಕೆ ನೆರೆಯದಾದ ಇಂಡಿ ಸೀಮೆಯ ಹಲಸಂಗಿಯಲ್ಲಿ ಮಧುರಚೆನ್ನ, ಸಿಂಪಿ ಲಿಂಗಣ್ಣ ಮೊದಲಾದ ಗೆಳೆಯರು ಕೂಡಿ 1931ರಲ್ಲಿ 'ಗರತಿಯ ಹಾಡು', 1933ರಲ್ಲಿ 'ಜೀವನ ಸಂಗೀತ', 1935ರಲ್ಲಿ 'ಮಲ್ಲಿಗೆ ದಂಡೆ' ಎಂಬ ಸಂಗ್ರಹಗಳನ್ನು ಪ್ರಕಟಿಸಿದರು. ಉತ್ತರ ಕರ್ನಾಟಕದ ಬಾಯಿಮಾತಿನ ಸಾಹಿತ್ಯಕ್ಕೆ ಅವರು ಮಾಡಿದ ಉಪಕಾರವನ್ನು ಎಷ್ಟು ನೆನೆದರೂ ಸಾಲದು. ಆದರೂ ಚರಿತ್ರೆಯ ವಿದ್ಯಾರ್ಥಿಯು ಸಂಗ್ರಹದ ಹೆಸರನ್ನೇ ಒಂದು ಆಧಾರವೆಂದು ನೋಡಬೇಕಾಗುತ್ತದೆ. 'ಗರತಿ' ಎಂಬುದು ಹೆಣ್ಣಿಗೆ ಮಾತ್ರ ಸಲ್ಲುವ ಮಾತು; ಅದಕ್ಕೆ ಜೊತೆಯಾದ ಗಂಡುಮಾತು ಕನ್ನಡದಲ್ಲಿಲ್ಲ. ಬೀಸುಕಲ್ಲಿನ ಮುಂದೆ ಹಾಡಿದ ಹೆಣ್ಣು ತವರನ್ನೂ ಗಂಡನನ್ನೂ ಮಗುವನ್ನೂ ಕುರಿತು ನೇರವಾಗಿ ತನ್ನ ದನಿಯಲ್ಲಿ ಮಾತಾಡುತ್ತಾಳೆ. ಅದೇ ಮನೆಯ ತರುಣನು ಹೆಂಡತಿಯನ್ನು ಕುರಿತು ತನ್ನ ದನಿಯಲ್ಲಿ ಹಾಡಿದ ತ್ರಿಪದಿಗಳನ್ನು ಹುಡುಕಿದರೆ ಕೈಗೆ ಹತ್ತುವುದು ಅತ್ಯಲ್ಪ. ಆದುದರಿಂದ ಹಳ್ಳಿಯ ಗಂಡಸು ಭಾವವನ್ನು ಬಚ್ಚಿಡದ ಸರಳಜೀವಿ, ಅವನ ಶೃಂಗಾರ ನಿರ್ಮಲ ಎಂದು ಮುನ್ನುಡಿಗಳಲ್ಲಿ ಬರೆಯುವ ರೂಢಿಯು ಸಂಗ್ರಹದಲ್ಲಿ ಇರುವುದನ್ನು ನೋಡಿ ಬಂದುದಲ್ಲ, ಇಲ್ಲದುದನ್ನು ನೋಡದೆ ಬಂದುದು.

ತರುಣರ ಹಾಡೇ ಇಲ್ಲವೆಂದು ಇದರ ಅರ್ಥವಲ್ಲ. ಲಾವಣಿಯಿದೆ. ಹಲಸಂಗಿಯ ಖಾಜಾಭಾಯಿಯಂತಹ ಲಾವಣಿಕಾರರ ಕೀರ್ತಿ ಭೀಮೆಯ ಎರಡೂ ದಂಡೆಗಳಲ್ಲಿ ಹಬ್ಬಿತ್ತು. ಆದರೆ ಶೃಂಗಾರ ಲಾವಣಿಯನ್ನು ಕೇಳಿದವರು ಒಂದು ವಿಶೇಷವನ್ನು ಗಮನಿಸಿರಬಹುದು. ಕಟ್ಟಿದವನು ಗಂಡಸು, ಹಾಡುವವನು ಗಂಡಸು, ಕೇಳುವವರಲ್ಲಿ ಬಹುಮಂದಿ ಗಂಡಸರು. ಆದರೂ ಎಷ್ಟೋ ಲಾವಣಿಗಳಲ್ಲಿ ವಿರಹದಿಂದ ಬೇಯುವವಳು ಹೆಣ್ಣು. ಗಂಡಸಿನ ಆಸೆಯು ಹೆಣ್ಣಿನ ಬಾಯಿಂದ ಹೊರಡುತ್ತದೆ. ಇದನ್ನು ಕೇವಲ ಕಾವ್ಯಸಂಪ್ರದಾಯವೆಂದು ತಳ್ಳಿಹಾಕುವುದು ಸಾಧ್ಯವಿಲ್ಲ, ಏಕೆಂದರೆ ಇದೇ ಸೀಮೆಯ ಭಕ್ತಿಸಾಹಿತ್ಯದಲ್ಲಿಯೂ ಇದೇ ಕ್ರಮವಿದೆ. 'ಶರಣಸತಿ ಲಿಂಗಪತಿ' ಎಂಬ ಭಾವದಲ್ಲಿ ಗಂಡಸಾದ ಶರಣನು ಹೆಂಡತಿಯಾಗಿ ದೇವರೊಡನೆ ಮಾತಾಡುತ್ತಾನೆ. ಉರಿಲಿಂಗದೇವನ ವಚನಗಳು ಇದಕ್ಕೆ ಪ್ರಸಿದ್ಧ ನಿದರ್ಶನ. ಜೇವರ್ಗಿಗೆ ದೂರವಲ್ಲದ ಸುರಪುರ ಸೀಮೆಯ ಮುದನೂರಿನ ದೇವರ ದಾಸಿಮಯ್ಯನಾದರೋ, ದೇಹದ ಗುರುತುಗಳಿಂದ ಹೆಣ್ಣು ಗಂಡೆಂದು ಕರೆದರೂ ಒಳಗೆ ಸುಳಿಯುವ ಆತ್ಮಕ್ಕೆ ಆ ಭೇದವಿಲ್ಲವೆಂದು ಇನ್ನೂ ಮುಂದೆ ಹೋಗಿ ಹೇಳಿದನು. ಹೀಗೆ ಪ್ರೀತಿಯನ್ನು ಬೇಡಲು, ಕಾಯಲು, ಅಳಲು ಈ ಪ್ರದೇಶದ ಗಂಡಸಿಗೆ ದಾರಿಯಿತ್ತು. ಆದರೆ ಆ ದಾರಿಯಲ್ಲಿ ನಡೆಯಲು ಅವನು ತನ್ನ ಗಂಡಸುತನವನ್ನು ಬಾಗಿಲಲ್ಲಿ ಕಳಚಿಡಬೇಕಾಗಿತ್ತು.

ಗಂಡಸು ಗಂಡಸಾಗಿಯೇ ಮಾತಾಡುವ ಸ್ಥಳವೆಂದರೆ ಹರದೇಶಿ-ನಾಗೇಶಿ. ಮರಾಠಿಯ ತುರಾ-ಕಲ್ಗಿ ಸಂಪ್ರದಾಯಕ್ಕೆ ಸಮಾನವಾದ ಈ ಹಾಡಿಕೆಯಲ್ಲಿ ಹರದೇಶಿಯವರು ಶಿವನ, ಎಂದರೆ ಪುರುಷನ ಹಿರಿಮೆಯನ್ನೂ, ನಾಗೇಶಿಯವರು ಶಕ್ತಿಯ, ಎಂದರೆ ಸ್ತ್ರೀಯ ಹಿರಿಮೆಯನ್ನೂ ಡಪ್ಪು, ತುಂತುಣಿ, ತಾಳಗಳೊಡನೆ ರಾತ್ರಿಯೆಲ್ಲ ವಾದಿಸುತ್ತಾರೆ. ಪುರಾಣಗಳಿಂದ ಪ್ರಶ್ನೆ, ಪುರಾಣಗಳಿಂದಲೇ ಉತ್ತರ. ನಡುನಡುವೆ ಕೀಟಲೆ, ಸವಾಲು, ಮೂದಲಿಕೆ. ಜಾತ್ರೆಯ ರಾತ್ರಿ ಇದನ್ನು ಕೇಳಿದ ಹೊಸಬನಿಗೆ ಇಲ್ಲಿಯ ಗಂಡಸರು ಹೆಣ್ಣನ್ನು ಇಷ್ಟು ಕೀಳಾಗಿ ಕಾಣುವರೇ ಎನಿಸಬಹುದು. ಕೆಲವರು ಹಾಗೆ ಬರೆದದ್ದೂ ಉಂಟು. ಆದರೆ ಪುರುಷರೇ ಎರಡೂ ಪಕ್ಷಗಳಲ್ಲಿ ನಿಂತು ಹಾಡಿದ ಮೇಳಗಳುಂಟು. ನಾಗೇಶಿ ಮೇಳದಲ್ಲಿ ಕಲಿತ ತರುಣನು ಗಂಡಸಿನ ದುರಹಂಕಾರವನ್ನು ಹಳಿಯುತ್ತ ಬೆಳಗು ಮಾಡುತ್ತಾನೆ. ಅವನ ಮೀಸೆಗೆ ಇದರಿಂದ ಯಾವ ಕುಂದೂ ಬರುವುದಿಲ್ಲ. ಪಕ್ಷವು ಗುರುವಿನಿಂದ ಬಂದುದೇ ಹೊರತು ಅನುಭವದಿಂದ ಬಂದುದಲ್ಲ. ಹರದೇಶಿಯ ಹಾಡಿನ ಗಂಡಸುತನವನ್ನು ಹಾಡುಗಾರನ ಮನೆಯ ನಡತೆಯೆಂದು ಓದುವುದು ವಕೀಲನ ವಾದವನ್ನು ಅವನ ಆತ್ಮಚರಿತ್ರೆಯೆಂದು ಓದಿದಂತೆ.

ಇಲ್ಲಿ ಬಯಲಾಟದ ಸಣ್ಣಾಟವೊಂದನ್ನು ಸ್ವಲ್ಪ ವಿಸ್ತಾರವಾಗಿ ನೋಡುವುದು ಅವಶ್ಯ. 'ಸಂಗ್ಯಾ ಬಾಳ್ಯಾ' ಬೈಲಹೊಂಗಲ ಸೀಮೆಯಲ್ಲಿ ಹುಟ್ಟಿದುದಾದರೂ ಉತ್ತರ ಕರ್ನಾಟಕದ ಉದ್ದಗಲಕ್ಕೂ ಹಳ್ಳಿಯ ತರುಣರು ಕಲಿತು ಆಡಿದ ಆಟ. ಅದರ ಕಥೆ ಎಲ್ಲರಿಗೂ ತಿಳಿದದ್ದೆ: ಸಂಗ್ಯಾ ಎಂಬ ತರುಣನು ಪರರ ಹೆಂಡತಿಯಾದ ಗಂಗಿಯನ್ನು ಬಯಸುತ್ತಾನೆ, ಗೆಳೆಯ ಬಾಳ್ಯಾನ ಮತ್ತು ಮುದುಕಿಯೊಬ್ಬಳ ನೆರವಿನಿಂದ ಅವಳನ್ನು ಕೂಡುತ್ತಾನೆ, ಕಡೆಗೆ ಆ ಗೆಳೆಯನ ದ್ರೋಹದಿಂದಲೇ ಗಂಗಿಯ ಗಂಡನ ಕಡೆಯವರ ಕೈಯಲ್ಲಿ ಕೊಲೆಯಾಗುತ್ತಾನೆ. ಇದನ್ನು ಜಾರತ್ವಕ್ಕೆ ತಕ್ಕ ಶಿಕ್ಷೆಯ ನೀತಿಕಥೆಯೆಂದು ಹಿರಿಯರು ವಿವರಿಸುವರು. ಕಾಮದ ನಿರ್ಭಿಡೆಯ ಚಿತ್ರವೆಂದು ಹೊಸ ವಿಮರ್ಶಕರು ಮೆಚ್ಚುವರು. ನಮಗೆ ಎರಡೂ ಅರ್ಧ ಸತ್ಯವಾಗಿ ಕಾಣುತ್ತವೆ. ಆಟದಲ್ಲಿ ಸಂಗ್ಯಾ ತನ್ನ ಆಸೆಯನ್ನು ಮೊದಲು ಹೇಳುವುದು ಯಾರಿಗೆ? ಗಂಗಿಗೆ ಅಲ್ಲ, ಬಾಳ್ಯಾನಿಗೆ. ಗೆಳೆಯನಿಗೆ ಹೇಳಿದೊಡನೆ ಅದು ಆಸೆಯಾಗಿ ಉಳಿಯುವುದಿಲ್ಲ. ಪಂಥವಾಗುತ್ತದೆ, ಹಿಂದೆಗೆಯಲಾರದ ಮಾತಾಗುತ್ತದೆ. ಅವನು ಬಾಳ್ಯಾನ ಮುಂದೆ ಗಂಡಸೆನಿಸಿಕೊಳ್ಳಬೇಕು. ಹಾಗೆಯೇ ಅವನ ಸಾವು ಬರುವುದು ಗಂಗಿಯ ಕಡೆಯಿಂದಲ್ಲ, ಬಾಳ್ಯಾನ ಕಡೆಯಿಂದ. ಆಟಕ್ಕೆ ಇಬ್ಬರು ಗಂಡಸರ ಹೆಸರಿದೆ, ಹೆಣ್ಣಿನ ಹೆಸರಿಲ್ಲ ಎಂಬುದನ್ನು ಎಷ್ಟು ಮಂದಿ ಯೋಚಿಸಿದ್ದಾರೋ ಕಾಣೆವು. ರಾತ್ರಿ ನಿದ್ದೆಗೆಟ್ಟು ಕುಳಿತ ಪ್ರೇಕ್ಷಕ ತರುಣರು ಗಂಗಿಯ ಪ್ರವೇಶಕ್ಕೆ ಸಿಳ್ಳು ಹಾಕುತ್ತಾರೆ, ನಿಜ. ಅವರು ಅಂಗೈಯಲ್ಲಿ ಜೀವ ಹಿಡಿದು ನೋಡುವುದು ಗೆಳೆಯನು ಕೈಕೊಡುವ ಭಾಗವನ್ನು. ಆ ಭಯವು ಅವರಿಗೆ ಮನೆಯಲ್ಲಿಯೇ ಪರಿಚಿತ.

ಗಂಗಿಯ ಪಾತ್ರವನ್ನು ಹಿಂದೆ ಆಡುತ್ತಿದ್ದವನೂ ಗಂಡು ಹುಡುಗನೇ. ಸ್ತ್ರೀಪಾತ್ರ ಚೆನ್ನಾಗಿ ಮಾಡುವವನನ್ನು ಊರು ಮೆಚ್ಚುತ್ತಿತ್ತು, ಆಯೇರಿ ಮಾಡುತ್ತಿತ್ತು. ಇದೇ ಸೀಮೆಯು 1948ರವರೆಗೆ ಹೈದರಾಬಾದು ನಿಜಾಮರ ಆಡಳಿತಕ್ಕೆ ಒಳಪಟ್ಟಿದ್ದಿತು. ಆ ಸಂಸ್ಥಾನದಲ್ಲಿ 1919ರಲ್ಲಿ, ಫಸಲಿ 1329ರಲ್ಲಿ, ನಪುಂಸಕರೆನಿಸಿಕೊಂಡವರ ಹೆಸರನ್ನು ದಾಖಲೆ ಮಾಡಿಸುವ ಮತ್ತು ಅವರು ಹೆಣ್ಣುಡುಗೆಯಲ್ಲಿ ಬೀದಿಯಲ್ಲಿ ಕಾಣಿಸಿಕೊಂಡರೆ, ಕುಣಿದರೆ, ಹಾಡಿದರೆ ಹಿಡಿದು ಶಿಕ್ಷಿಸುವ ಕಾನೂನು ಬಂದಿತು. ತೆಲಂಗಾಣದ ಉಚ್ಚ ನ್ಯಾಯಾಲಯವು ಅದನ್ನು ರದ್ದುಪಡಿಸಿದ್ದು 2023ರಲ್ಲಿ. ನಮ್ಮ ರಾಜ್ಯದ ಪೊಲೀಸ್ ಕಾಯಿದೆಗೆ 2011ರಲ್ಲಿ ಸೇರಿಸಿದ 36ಎ ಪ್ರಕರಣದಲ್ಲಿಯೂ ಇದೇ ಸಂಶಯ ಮರುಕಳಿಸಿತು. 2016ರಲ್ಲಿ ಅದರ ಮಾತನ್ನು ತಿದ್ದಬೇಕಾಯಿತು. ಸೀರೆ ಒಂದೇ, ಆಟದ ಅಟ್ಟದ ಮೇಲೆ ಉಟ್ಟರೆ ಕಲೆ, ಬೀದಿಯಲ್ಲಿ ಉಟ್ಟರೆ ಅಪರಾಧ. ಅಟ್ಟದ ಮೇಲಿನವನು ಬೆಳಗಾದೊಡನೆ ಪಂಚೆ ಉಟ್ಟು ಹೊಲಕ್ಕೆ ಹೋಗುವನೆಂಬ ಭರವಸೆಯೇ ಈ ಭೇದಕ್ಕೆ ಕಾರಣ.

ಮೊಹರಮ್ಮಿನ ವಿಷಯದಲ್ಲಿ ನಾವು ಎರಡು ಮಾತು ಹೆಚ್ಚಾಗಿಯೇ ಹೇಳಬೇಕು, ಏಕೆಂದರೆ ಗಂಡಸುತನದ ಚರ್ಚೆಯಲ್ಲಿ ಇದನ್ನು ಯಾರೂ ತರುವುದಿಲ್ಲ. ಈ ಮೂರು ತಾಲ್ಲೂಕುಗಳಲ್ಲಿ ಅಲಾಯಿ ಹಬ್ಬವು ಮುಸಲ್ಮಾನರದು ಮಾತ್ರವಲ್ಲ. ಎಲ್ಲ ಜಾತಿಯ ತರುಣರೂ ಅಲಾಯಿ ಕುಣಿಯ ಸುತ್ತ ಹೆಜ್ಜೆ ಹಾಕುತ್ತಾರೆ, ಕನ್ನಡದ ರಿವಾಯತುಗಳನ್ನು ಹಾಡುತ್ತಾರೆ. ದಖನ್ನಿನ ಮೊಹರಮ್ಮಿನಲ್ಲಿ ಕರ್ಬಲೆಯ ಕಥೆಯ ಒಂದು ಭಾಗಕ್ಕೆ ವಿಶೇಷ ಸ್ಥಾನವಿದೆ: ಹಸನರ ಮಗನಾದ ಕಾಸಿಮನ ಮದುವೆ. ಮದುವೆಯ ಶಾಸ್ತ್ರ ಮುಗಿಯುತ್ತಲೇ ರಣಕ್ಕೆ ಹೋಗಿ ಮಡಿದ ಮದುಮಗನ ಈ ಕಥೆಗಾಗಿ ಮದರಂಗಿಯ ಆಚರಣೆ ನಡೆಯುತ್ತದೆ. ಮೇಲೆ ಹೇಳಿದ ವೀರಗಲ್ಲಿನ ತರುಣನಿಗೂ ಕಾಸಿಮನಿಗೂ ಇರುವ ಹೋಲಿಕೆ ಸ್ಪಷ್ಟ. ಭೇದವೂ ಅಷ್ಟೇ ಸ್ಪಷ್ಟ. ವೀರಗಲ್ಲು ಅಳುವುದಿಲ್ಲ. ಅಲಾಯಿ ಕುಣಿಯ ಮುಂದೆ ಇಪ್ಪತ್ತರ ಹುಡುಗರು ಎದೆ ಬಡಿದುಕೊಂಡು, ಹೆಂಡತಿಯ ಮುಖವನ್ನೂ ಸರಿಯಾಗಿ ನೋಡದೆ ಸತ್ತ ತಮ್ಮ ವಯಸ್ಸಿನವನೊಬ್ಬನಿಗಾಗಿ ಅಳುತ್ತಾರೆ, ಮತ್ತು ಇದಕ್ಕಾಗಿ ಅವರನ್ನು ಯಾರೂ ಹೆಣ್ಣಿಗನೆಂದು ಜರೆಯುವುದಿಲ್ಲ. ವರ್ಷದ ಉಳಿದ ದಿನಗಳಲ್ಲಿ ತಾಲೀಮಿನಲ್ಲಿ ಕುಸ್ತಿ ಆಡಿ, ಜಾತ್ರೆಯಲ್ಲಿ ಜೋಳದ ಚೀಲವನ್ನೂ ಗುಂಡುಕಲ್ಲನ್ನೂ ಎತ್ತಿ ಹೆಸರು ಪಡೆಯುವವರೂ ಇವರೇ. ತರುಣನ ಎದೆಯಲ್ಲಿ ಮದುವೆಯನ್ನು ಕುರಿತು ಇರುವ ಅಂಜಿಕೆಗೂ ದುಃಖಕ್ಕೂ ಊರು ಕೊಟ್ಟ ಅನುಮತಿ ವರ್ಷಕ್ಕೆ ಹತ್ತು ದಿನ. ಅದೂ ಮತ್ತೊಬ್ಬನ ಹೆಸರಿನಲ್ಲಿ.

ಇಲ್ಲಿಯವರೆಗೆ ಹೇಳಿದುದೆಲ್ಲವೂ ಹಾಡು ಮತ್ತು ಆಟ. 'ಇವೆಲ್ಲ ಹಳೆಯವು, ಈಗ ತರುಣರನ್ನು ನೇರವಾಗಿ ಕೇಳಿದರಾಯಿತು' ಎಂದು ಸಮಾಜಶಾಸ್ತ್ರದ ಮಿತ್ರರು ಹೇಳುವರು. ಕೇಳಿದರು ಸಹ. ಮುಂಬಯಿಯ ಅಂತರರಾಷ್ಟ್ರೀಯ ಜನಸಂಖ್ಯಾ ವಿಜ್ಞಾನ ಸಂಸ್ಥೆಯೂ ಪಾಪ್ಯುಲೇಷನ್ ಕೌನ್ಸಿಲ್ಲೂ ಕೂಡಿ 2006-07ರಲ್ಲಿ ಭಾರತದ ಯುವಜನರನ್ನು ಕುರಿತು ನಡೆಸಿದ ಸಮೀಕ್ಷೆಯಲ್ಲಿ 50,848 ತರುಣ ತರುಣಿಯರನ್ನು ಕಂಡು ಮಾತಾಡಿಸಲಾಯಿತು. ಆದರೆ ಆಯ್ದ ಆರು ರಾಜ್ಯಗಳಲ್ಲಿ ಕರ್ನಾಟಕ ಇರಲಿಲ್ಲ. ಆಂಧ್ರ ಪ್ರದೇಶ ಮತ್ತು ಮಹಾರಾಷ್ಟ್ರ ಇದ್ದವು. ಆಳಂದದ ಗಡಿ ದಾಟಿದರೆ ಅಕ್ಕಲಕೋಟೆ, ಅಫಜಲಪುರದಿಂದ ಹೊರಟರೆ ಸೊಲ್ಲಾಪುರ. ಮದುವೆ, ದುಡಿಮೆ, ಆಸ್ಪತ್ರೆ ಎಲ್ಲಕ್ಕೂ ಜನ ಈ ಗಡಿಯನ್ನು ದಾಟುತ್ತಲೇ ಇರುತ್ತಾರೆ. ಆದರೂ ಆ ರಾಜ್ಯದ ಸರಾಸರಿಯನ್ನು ತಂದು ನಮ್ಮ ಸೀಮೆಯ ಹುಡುಗನ ಮೇಲೆ ಹೊರಿಸುವುದು ಸಾಧುವಲ್ಲ.

ಆ ಸಮೀಕ್ಷೆಯಲ್ಲಿ ನಮಗೆ ಅಂಕಿಗಳಿಗಿಂತ ವಿಧಾನವೇ ಬೋಧಕವಾಗಿದೆ. ವಿವಾಹಪೂರ್ವ ಸಂಬಂಧವನ್ನು ಕುರಿತು ಎದುರಿಗೆ ಕೇಳಿದ ಮೇಲೆ, ಉತ್ತರವನ್ನು ತಾವೇ ಚೀಟಿಯಲ್ಲಿ ಗುರುತಿಸಿ ಲಕೋಟೆಯಲ್ಲಿಟ್ಟು ಮುಚ್ಚಿಕೊಡುವ ಅವಕಾಶವನ್ನೂ ಕೊಡಲಾಗಿತ್ತು. ಎದುರಿಗೆ ಹೇಳದುದನ್ನು ಕೆಲವರು ಲಕೋಟೆಯಲ್ಲಿ ಹೇಳಿದರು. ತರುಣರಲ್ಲಿ ಶೇಕಡಾ 15, ತರುಣಿಯರಲ್ಲಿ ಶೇಕಡಾ 4 ಎಂಬ ಲೆಕ್ಕ ಹೊರಟಿತು. ಈ ಎರಡು ಸಂಖ್ಯೆಗಳ ಅಂತರವನ್ನು ಮಾತ್ರ ಉದ್ಧರಿಸಿ, ಗಂಡು ಸ್ವಚ್ಛಂದ, ಹೆಣ್ಣು ಸಂಯಮಿ ಎಂದು ಬರೆದ ಲೇಖನಗಳನ್ನು ಕಂಡಿದ್ದೇವೆ. ಹೇಳಿದರೆ ಗಂಡಿಗೆ ಏನು ಲಾಭ, ಹೆಣ್ಣಿಗೆ ಏನು ನಷ್ಟ ಎಂಬುದನ್ನು ಮೊದಲು ತೂಗಬೇಕು. ಗಂಡಿನ ಲೆಕ್ಕದಲ್ಲಿ ಬಡಾಯಿ ಎಷ್ಟು, ಹೆಣ್ಣಿನ ಲೆಕ್ಕದಲ್ಲಿ ಭಯ ಎಷ್ಟು ಎಂಬುದನ್ನು ಲಕೋಟೆಯೂ ಪೂರ್ಣವಾಗಿ ಬಿಡಿಸಲಾರದು. ಆದರೂ ಕೇಳುಗನು ಬದಲಾದರೆ ಉತ್ತರವೂ ಬದಲಾಗುವುದೆಂಬುದನ್ನು ಆ ಸಮೀಕ್ಷೆಯು ತಾನಾಗಿಯೇ ಒಪ್ಪಿಕೊಂಡಂತಾಯಿತು. ಇಷ್ಟು ಪ್ರಾಮಾಣಿಕತೆ ನಮ್ಮ ಜಾನಪದ ಸಂಗ್ರಹಗಳಲ್ಲಿಯೂ ಇದ್ದಿದ್ದರೆ ಎಷ್ಟು ಚೆನ್ನಾಗಿತ್ತು! ಯಾವ ಹಾಡನ್ನು ಯಾರ ಮುಂದೆ ಹಾಡಿದರು, ಸಂಗ್ರಾಹಕನು ಅಲ್ಲಿ ಕುಳಿತಿದ್ದುದರಿಂದ ಯಾವ ನುಡಿಯನ್ನು ನುಂಗಿಕೊಂಡರು ಎಂಬುದನ್ನು ಬರೆದಿಟ್ಟವರು ವಿರಳ.

ಪರರನ್ನು ಆಕ್ಷೇಪಿಸುವಾಗ ನಮ್ಮ ತಪ್ಪನ್ನೂ ಹೇಳಿಬಿಡುವುದು ಮೇಲು. ಕೆಲವು ವರ್ಷಗಳ ಹಿಂದೆ ಅಫಜಲಪುರ ತಾಲ್ಲೂಕಿನ ಹಳ್ಳಿಯೊಂದಕ್ಕೆ ವೀರಗಲ್ಲು ನೋಡಲು ಹೋಗಿದ್ದೆವು. ಕೆಲಸ ಮುಗಿದ ಮೇಲೆ ಚಹಾದಂಗಡಿಯ ಕಟ್ಟೆಯ ಮೇಲೆ ಆರೇಳು ತರುಣರೊಡನೆ ಮಾತು ಬೆಳೆಯಿತು. ಪುಣೆಗೆ ದುಡಿಯಲು ಹೋಗಿ ಬಂದವನೊಬ್ಬ ಅಲ್ಲಿಯ ತನ್ನ ಸಾಹಸಗಳನ್ನು ವರ್ಣಿಸಿದ. ಉಳಿದವರು ನಕ್ಕು, ತಾವೂ ಒಂದೊಂದು ಸೇರಿಸಿದರು. ನಾವು ಎಲ್ಲವನ್ನೂ ಶ್ರದ್ಧೆಯಿಂದ ಬರೆದುಕೊಂಡೆವು. ಬಸ್ಸಿನ ಕಡೆಗೆ ನಡೆಯುತ್ತಿದ್ದಾಗ ಎಲ್ಲರಿಗಿಂತ ಹೆಚ್ಚು ಮಾತಾಡಿದ್ದ ಆ ತರುಣನೇ ಹಿಂದಿನಿಂದ ಬಂದು ಚೀಲವನ್ನು ಇಸಿದುಕೊಂಡ. ಸ್ವಲ್ಪ ದೂರ ಸುಮ್ಮನೆ ನಡೆದು, "ಸರ, ಒಂದ್ ಮಾತ್ ಕೇಳ್ಲೇನ್ರಿ? ಸಿಟ್ಟಾಗಬ್ಯಾಡ್ರಿ. ಧಾತು ಹೋದ್ರ ಮದುವಿ ಮಾಡ್ಕೊಳಾಕ ಬರಂಗಿಲ್ಲ ಅಂತಾರ, ಖರೇ ಏನ್ರಿ? ಮುಂದಿನ ತಿಂಗಳ ನಂದು ಲಗ್ನ ಅದರಿ," ಎಂದ. ನಾವು ಚರಿತ್ರೆಯ ಅಧ್ಯಾಪಕರು, ಮುಜುಗರವಾಯಿತು. ವೈದ್ಯರನ್ನು ಕಾಣಪ್ಪಾ ಎಂದು ಹೇಳಿ ಬಸ್ಸು ಹತ್ತಿದೆವು. ಆ ದಿನದ ನಮ್ಮ ಟಿಪ್ಪಣಿ ಪುಸ್ತಕದಲ್ಲಿ ಕಟ್ಟೆಯ ಮೇಲಿನ ಮಾತುಗಳು ಎರಡು ಪುಟ ತುಂಬಿವೆ. ಈ ಪ್ರಶ್ನೆ ಅದರಲ್ಲಿಲ್ಲ. ನೆನಪಿನಿಂದ ಈಗ ಬರೆಯುತ್ತಿದ್ದೇವೆ.

ಆ ಭಯವು ಆ ತರುಣನೊಬ್ಬನದಲ್ಲ, ಇಂದಿನದೂ ಅಲ್ಲ. ಆಯುರ್ವೇದದ ಸಪ್ತಧಾತುಗಳಲ್ಲಿ ಶುಕ್ರವು ಕಡೆಯದು, ಎಲ್ಲದರ ಸಾರವೆನಿಸಿದುದು. ಅದರ ನಷ್ಟವು ಆಯುಷ್ಯದ ನಷ್ಟವೆಂಬ ನಂಬಿಕೆ ಜನರಲ್ಲಿ ಬೇರೂರಿದೆ. ಈ ಭಯದಿಂದ ನಿಶ್ಶಕ್ತಿ, ನಿದ್ರಾಹೀನತೆ, ಕಳವಳಗಳಿಗೆ ಈಡಾಗಿ ಬರುವ ತರುಣರ ಸ್ಥಿತಿಗೆ ಮನೋವೈದ್ಯರಾದ ಎನ್. ಎನ್. ವಿಗ್ ಅವರು 1960ರಲ್ಲಿ ಧಾತ್ ಸಿಂಡ್ರೋಮ್ ಎಂಬ ಹೆಸರನ್ನು ಕೊಟ್ಟರು. ಸ್ವಪ್ನಸ್ಖಲನವು ದೇಹದ ಸಹಜ ಕ್ರಿಯೆ, ಅದರಿಂದ ಶಕ್ತಿಯೂ ಕುಂದುವುದಿಲ್ಲ, ಮದುವೆಗೂ ಬಾಧೆಯಿಲ್ಲ ಎಂಬುದು ವೈದ್ಯಶಾಸ್ತ್ರದ ನಿರ್ವಿವಾದವಾದ ಮಾತು. ಆ ದಿನ ರಸ್ತೆಯಲ್ಲಿ ಇದೊಂದು ವಾಕ್ಯವನ್ನು ಹೇಳಿದ್ದರೆ ಸಾಕಾಗಿತ್ತು. ತಾಲೀಮಿನ ಲಂಗೋಟಿಯ ಶಿಸ್ತು, ಹನುಮಂತನ ಪಟ, ಬ್ರಹ್ಮಚರ್ಯದ ಉಪದೇಶ ಇವುಗಳ ಹಿಂದೆಯೂ ಇದೇ ಶುಕ್ರದ ಲೆಕ್ಕಾಚಾರವಿದೆ. ಕಾಶಿಯ ಮಲ್ಲರನ್ನು ಕುರಿತು ಜೋಸೆಫ್ ಆಲ್ಟರ್ 1992ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ ಇದರ ವಿಸ್ತಾರವಾದ ವಿವೇಚನೆಯಿದೆ. ಒಂದು ಕಡೆ ಗೆಳೆಯರು ಸಾಹಸವನ್ನು ಕೇಳುತ್ತಾರೆ, ಇನ್ನೊಂದು ಕಡೆ ಉಸ್ತಾದನು ಸಂಯಮವನ್ನು ಕೇಳುತ್ತಾನೆ. ಎರಡೂ ಕಡೆ ಪರೀಕ್ಷೆಗೆ ಒಳಗಾದ ಹುಡುಗನು ಎರಡೂ ಕಡೆ ಸುಳ್ಳು ಹೇಳುತ್ತಾನೆ.

ಪರೀಕ್ಷೆಯೆಂಬ ಮಾತನ್ನು ನಾವು ಅಲಂಕಾರಕ್ಕಾಗಿ ಬಳಸಿಲ್ಲ. ಆರನೆಯ ವಿಕ್ರಮಾದಿತ್ಯನ (1076-1126) ಆಶ್ರಯದಲ್ಲಿ, ಆಳಂದದ ಉತ್ತರಕ್ಕಿರುವ ಕಲ್ಯಾಣದಲ್ಲಿ, ವಿಜ್ಞಾನೇಶ್ವರನು ಮಿತಾಕ್ಷರಾ ವ್ಯಾಖ್ಯಾನವನ್ನು ಬರೆದ ಯಾಜ್ಞವಲ್ಕ್ಯ ಸ್ಮೃತಿಯು, ವರನ ಕುಲ ಗುಣಗಳ ಜೊತೆಗೆ ಅವನ ಪುಂಸ್ತ್ವವನ್ನೂ ಯತ್ನಪೂರ್ವಕವಾಗಿ ಪರೀಕ್ಷಿಸಬೇಕೆಂದು ವಿಧಿಸಿದೆ. ಹಿಂದೂ ಉತ್ತರಾಧಿಕಾರದ ಚರ್ಚೆಯಲ್ಲಿ ನಾವು ಮಿತಾಕ್ಷರೆಯನ್ನು ಸದಾ ಉದ್ಧರಿಸುತ್ತೇವೆ. ಈ ಭಾಗವನ್ನು ದಾಟಿ ಹೋಗುತ್ತೇವೆ. ಗಂಡಸುತನವು ಹುಟ್ಟಿನಿಂದ ಬಂದ ಸ್ವತ್ತಲ್ಲ, ಮದುವೆಗೆ ಮುನ್ನ ಹಿರಿಯರಿಗೆ ರುಜುವಾತು ಮಾಡಬೇಕಾದ ವಸ್ತು ಎಂಬ ಭಾವನೆ ಅಷ್ಟು ಹಳೆಯದು. ರುಜುವಾತು ಕೇಳುವವರು ಅನೇಕರು, ಕಲಿಸುವವರು ಯಾರೂ ಇಲ್ಲ. ಕನ್ನಡದಲ್ಲಿ ಈ ವಿಷಯದಲ್ಲಿ ಧೈರ್ಯದಿಂದ ಬರೆದ ಡಾ. ಅನುಪಮಾ ನಿರಂಜನ ಅವರ ಪ್ರಸಿದ್ಧ ಪುಸ್ತಕದ ಹೆಸರು 'ವಧುವಿಗೆ ಕಿವಿಮಾತು'. ವರನ ಕಿವಿಗೆ ಬಿದ್ದ ಮಾತು ಯಾವುದು? ಜಾತ್ರೆಯಲ್ಲಿ ಗುಡಾರ ಹಾಕಿದ ಗುಪ್ತರೋಗದ ವೈದ್ಯನದು, ಗೋಡೆಯ ಮೇಲಿನ ಜಾಹಿರಾತಿನದು. ಇಂತಹ ಜಾಹಿರಾತುಗಳನ್ನು 1954ರ ಔಷಧ ಮತ್ತು ಮಾಂತ್ರಿಕ ಚಿಕಿತ್ಸೆಗಳ ಕಾಯಿದೆಯು ನಿಷೇಧಿಸಿದೆ. ಗೋಡೆಗಳು ಆ ಕಾಯಿದೆಯನ್ನು ಓದಿಲ್ಲ. ಶಾಲೆಗಳಲ್ಲಿ ಹದಿಹರೆಯದ ಶಿಕ್ಷಣವನ್ನು ತರುವ ಕಾರ್ಯಕ್ರಮವನ್ನು 2007ರಲ್ಲಿ ಹಲವು ರಾಜ್ಯಗಳು ತಡೆದಾಗ ಕರ್ನಾಟಕವೂ ಅವುಗಳಲ್ಲಿ ಒಂದಾಗಿದ್ದಿತು. ಮಕ್ಕಳು ಕೆಡುವರೆಂಬುದು ಆಗಿನ ವಾದ. ಈಗ ಅವರ ಗುರು ಕಿಸೆಯೊಳಗಿನ ಮೊಬೈಲು.

ಇದುವರೆಗೆ 'ತರುಣ' ಎಂದು ಒಂದೇ ಮಾತಿನಲ್ಲಿ ಹೇಳುತ್ತ ಬಂದುದರಲ್ಲಿ ಒಂದು ದೋಷವಿದೆ, ಅದನ್ನು ತಿದ್ದಬೇಕು. ಊರಿನ ಕಟ್ಟುಪಾಡು ಎಲ್ಲ ತರುಣರ ಮೇಲೂ ಒಂದೇ ತೂಕದಲ್ಲಿ ಬೀಳುವುದಿಲ್ಲ. ದೇವದಾಸಿಯಾಗಿ ಬಿಡುವುದನ್ನು ನಿಷೇಧಿಸುವ ಕಾಯಿದೆ ನಮ್ಮ ರಾಜ್ಯದಲ್ಲಿ ಬಂದುದು 1982ರಲ್ಲಿ. ಅದಕ್ಕೂ ಹಿಂದೆ, ಅದರ ನಂತರವೂ, ಹೊಲಗೇರಿಯ ಹೆಣ್ಣಿನ ಮನೆಗೆ ಹೋದ ಗೌಡರ ಮಗನ ನಡೆಯನ್ನು 'ವಯಸ್ಸಿನ ಹುಡುಗ' ಎಂಬ ಒಂದು ಮಾತಿನಲ್ಲಿ ಮನ್ನಿಸಲಾಗುತ್ತಿತ್ತು. ಹೊಲಗೇರಿಯ ಹುಡುಗನು ಗೌಡರ ಓಣಿಯ ಹುಡುಗಿಗೆ ಚೀಟಿ ಬರೆದರೆ ಅದೇ ವಯಸ್ಸು ಅವನನ್ನು ಕಾಯಲಿಲ್ಲ. ಒಬ್ಬನಿಗೆ ಗಂಡಸುತನವು ಮನ್ನಣೆ, ಇನ್ನೊಬ್ಬನಿಗೆ ಉದ್ಧಟತನ. ಶೃಂಗಾರ ಲಾವಣಿಯ ರಸವನ್ನು ವಿವರಿಸುವ ನಮ್ಮ ವಿಮರ್ಶೆಯು ಆ ನಾಯಕನ ಓಣಿ ಯಾವುದೆಂದು ಒಮ್ಮೆಯೂ ಕೇಳಿಲ್ಲ. ತತ್ತ್ವಪದಕಾರರು ಕುಲವನ್ನು ಕುರಿತು ಕೇಳಿದಷ್ಟನ್ನೂ ನಾವು ಕೇಳಿಲ್ಲವೆಂಬುದು ನಾಚಿಕೆಯ ಸಂಗತಿ.

ಇತ್ತೀಚಿನ ಕಾನೂನುಗಳು ಈ ಚಿತ್ರವನ್ನು ಇನ್ನಷ್ಟು ಜಟಿಲಗೊಳಿಸಿವೆ. ಬಾಲ್ಯವಿವಾಹವನ್ನು ಮೊದಲಿನಿಂದಲೇ ಅಸಿಂಧುವೆಂದು ಕರ್ನಾಟಕವು 2017ರಲ್ಲಿ ಜಾರಿಗೆ ಬಂದ ತಿದ್ದುಪಡಿಯಿಂದ ಸಾರಿತು; ಇದು ಹುಡುಗಿಯರ ರಕ್ಷಣೆಗೆ ಅವಶ್ಯವಾಗಿತ್ತು. 2012ರ ಪೋಕ್ಸೊ ಕಾಯಿದೆಯೂ ಹಾಗೆಯೇ ಅವಶ್ಯವಾದುದು. ಆದರೆ ಹದಿನೆಂಟು ತುಂಬದ ಹುಡುಗಿಯೊಡನೆ ಓಡಿಹೋದ ಹತ್ತೊಂಬತ್ತರ ಹುಡುಗನು, ಅವಳ ಒಪ್ಪಿಗೆಯಿದ್ದರೂ, ಬಲಾತ್ಕಾರ ಮಾಡಿದವನ ಸಾಲಿನಲ್ಲಿಯೇ ನಿಲ್ಲಬೇಕಾಗುತ್ತದೆ. ಕರ್ನಾಟಕ ಉಚ್ಚ ನ್ಯಾಯಾಲಯದ ಧಾರವಾಡ ಪೀಠವು 2022ರ ನವೆಂಬರಿನಲ್ಲಿ ಸಮ್ಮತಿಯ ವಯಸ್ಸನ್ನು ಮರುಪರಿಶೀಲಿಸುವಂತೆ ಕಾನೂನು ಆಯೋಗಕ್ಕೆ ಸೂಚಿಸಿತು. ಆಯೋಗವು 2023ರ ತನ್ನ 283ನೆಯ ವರದಿಯಲ್ಲಿ ವಯಸ್ಸನ್ನು ಇಳಿಸುವುದು ಸಲ್ಲದೆಂದು ಹೇಳಿ, ಹದಿನಾರರಿಂದ ಹದಿನೆಂಟರವರೆಗಿನ ಸಮ್ಮತಿಯ ಪ್ರಕರಣಗಳಲ್ಲಿ ನ್ಯಾಯಾಧೀಶರಿಗೆ ವಿವೇಚನೆಯನ್ನು ಕೊಡಬಹುದೆಂದಿತು. ಆ ವಿವಾದದಲ್ಲಿ ತೀರ್ಪು ಕೊಡುವುದು ನಮ್ಮ ಕೆಲಸವಲ್ಲ. ನಮಗೆ ಸಂಬಂಧಿಸಿದುದು ಇಷ್ಟು: ಈ ಸೀಮೆಯ ತರುಣನ ಆಸೆಯು ಮೊದಲ ಬಾರಿಗೆ ಅವನ ಸ್ವಂತ ಹೆಸರಿನಲ್ಲಿ ಬರೆಯಲ್ಪಡುತ್ತಿರುವುದು ಪೊಲೀಸ್ ಠಾಣೆಯ ಕಾಗದದಲ್ಲಿ. ಠಾಣೆಯ ಬರಹಗಾರನು ಬರೆದುಕೊಂಡ ಹೇಳಿಕೆಯೂ ಒಂದು ಕೇಳುಗನಿಗಾಗಿ ಆಡಿದ ಮಾತೇ. ಅಲ್ಲಿ ಬಡಾಯಿಯ ಬದಲು ನಿರಾಕರಣೆ ಇರುತ್ತದೆ. ನೂರು ವರ್ಷಗಳ ಬಳಿಕ ಈ ಸೀಮೆಯ ಚರಿತ್ರೆಯನ್ನು ಬರೆಯುವವನಿಗೆ ಆ ಕಾಗದವು ಸುಲಭವಾಗಿ ದೊರೆಯುತ್ತದೆ, ಮಿಕ್ಕುದು ದೊರೆಯುವುದಿಲ್ಲ.

ಆ ಮಿಕ್ಕುದನ್ನು ಈಗಲೇ ಕೂಡಿಸಿಡುವುದು ಅಸಾಧ್ಯವೇನಲ್ಲ. ಆಳಂದ ತಾಲ್ಲೂಕಿನ ಕಡಗಂಚಿಯಲ್ಲಿಯೇ 2009ರಿಂದ ಕೇಂದ್ರೀಯ ವಿಶ್ವವಿದ್ಯಾಲಯವಿದೆ. ಕಲಬುರಗಿಯಲ್ಲಿ 1980ರಿಂದ ನಮ್ಮ ನಾಡಿನ ಇನ್ನೊಂದು ವಿಶ್ವವಿದ್ಯಾಲಯವಿದೆ. ಹರದೇಶಿ-ನಾಗೇಶಿ ಮೇಳಗಳ ಹಿರಿಯ ಹಾಡುಗಾರರನ್ನು ಹಾಡಿಸಿ ಮುದ್ರಿಸಿಕೊಂಡು ಬರುವ ವಿದ್ಯಾರ್ಥಿಗಳಿಗೆ, ಹಾಡು ಮುಗಿದ ಮೇಲೆ ಯಂತ್ರವನ್ನು ನಿಲ್ಲಿಸಿ ಇನ್ನೂ ಅರ್ಧ ಗಂಟೆ ಕುಳಿತಿರಲು ನಾವು ಹೇಳುತ್ತಿದ್ದೇವೆ. ಇಪ್ಪತ್ತರ ವಯಸ್ಸಿನಲ್ಲಿ ಈ ಪದವನ್ನು ಯಾರ ಮುಂದೆ ಹಾಡಲು ಅಂಜುತ್ತಿದ್ದಿರಿ ಎಂದು ಮಾತ್ರ ಕೇಳಬೇಕು. ಜೇವರ್ಗಿ ಕಡೆಯ ಹಿರಿಯರೊಬ್ಬರು ಈ ಪ್ರಶ್ನೆಗೆ ಬಹಳ ಹೊತ್ತು ನಕ್ಕು, "ಹೇಣ್ತಿ ಮುಂದ್ರಿ," ಎಂದರಂತೆ.